ಸ್ನೋ ಕೃತಿಯಲ್ಲಿ ನದೀಜಲದ ಹೇತುವಿಚಾರ

ವಿಷೂಚಿಕೆಯ ಸಂಕ್ರಮಣವನ್ನು ಕುರಿತು ಲಂಡನ್ನಿನ ವೈದ್ಯ ಜಾನ್ ಸ್ನೋ ರಚಿಸಿದ ಗ್ರಂಥವು 1849ರಲ್ಲಿ ಕಿರುಹೊತ್ತಗೆಯಾಗಿ ಪ್ರಕಟವಾಗಿ, 1855ರಲ್ಲಿ ಬಹುವಾಗಿ ವಿಸ್ತಾರಗೊಂಡಿತು. ವಾಚಕರು ಕೊಂಡಾಡುವುದು ಬ್ರಾಡ್ ಸ್ಟ್ರೀಟಿನ ಪಂಪಿನ ವೃತ್ತಾಂತವನ್ನು; ಗ್ರಂಥದ ತಿರುಳಾದರೋ ಥೇಮ್ಸ್ ನದಿಯ ವಿಚಾರದಲ್ಲಿದೆ.

ನಗರದ ದಕ್ಷಿಣಭಾಗದಲ್ಲಿ ಕೆಲವೆಡೆ ಒಂದೇ ಬೀದಿಯ ಮನೆಗಳಿಗೆ ಎರಡು ಸಂಸ್ಥೆಗಳು ನೀರೊದಗಿಸುತ್ತಿದ್ದುವು. ಸದರ್ಕ್-ವಾಕ್ಸಾಲ್ ಸಂಸ್ಥೆಯು ನಗರದ ಮಲವು ಬೆರೆಯುವ ಬ್ಯಾಟರ್ಸೀಯಲ್ಲಿ ನೀರೆತ್ತುತ್ತಿದ್ದಿತು. ಲ್ಯಾಂಬೆತ್ ಸಂಸ್ಥೆಯು 1852ರಲ್ಲಿಯೇ ಪ್ರವಾಹದ ಮೇಲ್ಗಡೆಯ ಥೇಮ್ಸ್ ಡಿಟನ್ನಿಗೆ ತೆರಳಿದ್ದಿತು. 1854ರ ಮಾರಿಯ ಮೊದಲ ಏಳು ವಾರಗಳಲ್ಲಿ ಹತ್ತು ಸಾವಿರ ಮನೆಗಳಿಗೆ ಮೊದಲನೆಯದರಲ್ಲಿ 315, ಎರಡನೆಯದರಲ್ಲಿ 37 ಮರಣಗಳು. ಹೊಗೆ ಬೆಂಕಿಗಳನ್ನು ಬಿಟ್ಟು ಕದಲದ ತರ್ಕಪಾಠಗಳಲ್ಲಿ ಅನ್ವಯವ್ಯತಿರೇಕಗಳಿಗೆ ಇಂತಹ ಉದಾಹರಣೆ ಅಪೂರ್ವ.

ತಮ್ಮ ನೀರು ಯಾವ ಸಂಸ್ಥೆಯದೆಂದು ನಿವಾಸಿಗಳೇ ಅರಿಯದಿದ್ದಲ್ಲಿ ಸ್ನೋ ಬೆಳ್ಳಿಯ ಲವಣದಿಂದ ನೀರಿನ ಉಪ್ಪನ್ನು ಪರೀಕ್ಷಿಸಿದನು: ಗ್ಯಾಲನ್ನಿಗೆ ಸದರ್ಕ್ ಸಂಸ್ಥೆಯದರಲ್ಲಿ 37.9 ಗ್ರೇನು, ಲ್ಯಾಂಬೆತ್ತಿನದರಲ್ಲಿ 0.95. ಇದನ್ನೇ ಮಲಪರೀಕ್ಷೆಯೆಂದು ಬಗೆಯುವುದು ಸರಿಯಲ್ಲ. ಉಪ್ಪು ನೀರೆತ್ತಿದ ಸ್ಥಳಕ್ಕೆ ಲಿಂಗ, ಮಲಕ್ಕಲ್ಲ. ಕಡಲಿನ ಉಬ್ಬರವೂ ಅದನ್ನು ತರುತ್ತದೆ. ಈಚಿನವರು ಹಿಡಿದ ಕೋಲಿ ಅಣುಜೀವಿಯು ಮಲಕ್ಕೆ ಲಿಂಗವೇನೋ ಅಹುದು. ಆದರೆ ಮನುಷ್ಯನಲ್ಲಿಯೂ ಗೋವಿನಲ್ಲಿಯೂ ಸಮಾನವಾಗಿರುವುದರಿಂದ ‘ಯಾರ ಮಲ’ ಎಂಬಲ್ಲಿ ಅದು ವ್ಯಭಿಚಾರಿಹೇತು. ನದೀತೀರದಲ್ಲಿ ಸರಿಪಡಿಸಬೇಕಾದುದು ಊರಚರಂಡಿಯೋ ದನದ ಹಟ್ಟಿಯೋ ಎಂಬುದು ಅದರಿಂದ ನಿರ್ಣಯವಾಗದು. 2000ದಲ್ಲಿ ಬರ್ನ್‌ಹಾರ್ಡ್, ಫೀಲ್ಡ್ ಎಂಬ ವಿದುಷಿಯರು ಬ್ಯಾಕ್ಟೀರಾಯ್ಡಿಸ್ ವರ್ಗದ ಅಣುಜೀವಿಗಳ ಆನುವಂಶಿಕ ಗುರುತುಗಳಿಂದ ಮನುಷ್ಯಮಲವನ್ನು ಮೆಲುಕುಹಾಕುವ ಪಶುಗಳ ಮಲದಿಂದ ಬೇರ್ಪಡಿಸಿ ತೋರಿದರು.

ಸ್ನೋ ಈ ಪ್ರಶ್ನೆಯನ್ನೆತ್ತಲಿಲ್ಲ. ಎತ್ತಬೇಕಾಗಿಯೂ ಇರಲಿಲ್ಲ: ಅವನು ಬೆನ್ನಟ್ಟಿದ ವ್ಯಾಧಿ ರೋಗಿಯ ಮಲದಿಂದಲೇ ಹೊರಟದ್ದು.