ನಳನ ಸಾರಥ್ಯವೂ ಕಂಬಳದ ಪುನರಾರಂಭವೂ

ನಿಂತುಹೋದ ಓಟವು ಮರಳಿ ಆರಂಭವಾದಾಗ ಲೋಕವು ಕೇಳುವ ಪ್ರಶ್ನೆ ಒಂದೇ: ಮೊದಲಿನ ವೇಗವು ಬಂದಿತೇ, ಇಲ್ಲವೇ? ಓಟಗಾರನ ವಿಷಯದಲ್ಲಾಗಲಿ, ಓಟದ ಪಶುಗಳ ವಿಷಯದಲ್ಲಾಗಲಿ ಈ ಪ್ರಶ್ನೆಯು ಅಸಹಜವಾದುದಲ್ಲ, ಆದರೆ ಅಪೂರ್ಣವಾದುದು. ನಡುವೆ ಬಂದ ವಿರಾಮವು ಏನನ್ನು ಕಲಿಸಿತೆಂಬ ವಿಚಾರವು ಅದರಲ್ಲಿ ಇಲ್ಲ. ಮಹಾಭಾರತದ ವನಪರ್ವದಲ್ಲಿ ಬರುವ ನಳೋಪಾಖ್ಯಾನದ ರಥಪ್ರಸಂಗವು ಈ ವಿಚಾರವನ್ನೇ ಮುಖ್ಯವಾಗಿ ಹಿಡಿದಿರುವುದು. ಕನಕದಾಸರ ನಳಚರಿತ್ರೆಯಿಂದ ಕನ್ನಡದ ಮನೆಗಳಿಗೆ ಪರಿಚಿತವಾದ ಕಥೆಯಿದು. ವಾಚಕರು ಬಹುಮಟ್ಟಿಗೆ ವೇಗದ ಅದ್ಭುತಕ್ಕಾಗಿಯೇ ಇದನ್ನು ಮೆಚ್ಚುವರು. ಮೂಲದ ರಚನೆಯನ್ನು ನೋಡಿದರೆ ಕವಿಯ ಆಶಯವು ಬೇರೆಯೆಂದು ತೋರುವುದು.

ಅಶ್ವವಿದ್ಯೆಯಲ್ಲಿ ಅಸಮಾನನಾದ ನಳನು ಜೂಜಿನಲ್ಲಿ ರಾಜ್ಯವನ್ನು ಸೋತು, ಕಾಡುಪಾಲಾಗಿ, ರೂಪವನ್ನೂ ಕಳೆದುಕೊಂಡು, ಬಾಹುಕನೆಂಬ ಹೆಸರಿನಿಂದ ಅಯೋಧ್ಯೆಯ ಋತುಪರ್ಣನ ಲಾಯದಲ್ಲಿ ಊಳಿಗಕ್ಕೆ ನಿಂತಿರುವನು. ಒಂದೇ ಹಗಲಿನಲ್ಲಿ ವಿದರ್ಭವನ್ನು ಸೇರಬೇಕಾಗಿ ಬಂದಾಗ ಅವನು ಆರಿಸುವುದು ಕೊಬ್ಬಿದ ಕುದುರೆಗಳನ್ನಲ್ಲ. ನೋಟಕ್ಕೆ ಕೃಶವಾದ, ದಾರಿಯನ್ನು ತಾಳಬಲ್ಲ ಕುದುರೆಗಳನ್ನು. ಅರಸನು ಆಕ್ಷೇಪಿಸುವನು. ಅವನು ರಥವನ್ನೇರಿದೊಡನೆ ಆ ಕುದುರೆಗಳು ಮೊಣಕಾಲೂರಿ ನೆಲಕ್ಕೆ ಬೀಳುವುವು. ಮಹಾವೇಗದ ವರ್ಣನೆಗೆ ಮೊದಲು ಕವಿಯು ಹೀಗೆ ಒಂದು ಮುಗ್ಗರಿಕೆಯನ್ನು ಇಟ್ಟಿರುವನು. ಆಗ ನಳನು ಮಾಡುವ ಮೊದಲನೆಯ ಕೆಲಸವು ಕುದುರೆಗಳನ್ನು ಸಂತೈಸುವುದು, ಓಟವು ಆಮೇಲೆ. ಇವನು ಮಾತಲಿಯೋ, ಶಾಲಿಹೋತ್ರನೋ, ನಳನೇ ಇರಬಹುದೋ ಎಂದು ಜೊತೆಯಲ್ಲಿದ್ದ ವಾರ್ಷ್ಣೇಯನು ಬೆರಗಾಗುವುದೂ ಆಮೇಲೆ.

ಮುಂದಿನ ಅಂಶವು ಇನ್ನೂ ಗಮನಾರ್ಹವಾದುದು. ಜಾರಿದ ಉತ್ತರೀಯವನ್ನು ತರಿಸಬೇಕೆಂದು ಅರಸನು ಹೇಳುವಷ್ಟರಲ್ಲಿ ಅದು ಯೋಜನದಷ್ಟು ಹಿಂದೆ ಉಳಿದಿರುವುದು. ಅಂಥ ತ್ವರೆಯ ನಡುವೆ ನಳನು ತಾನಾಗಿಯೇ ರಥವನ್ನು ನಿಲ್ಲಿಸುವನು. ತಾರೆಯ ಮರದ ಎಲೆ ಕಾಯಿಗಳನ್ನು ಋತುಪರ್ಣನು ನೋಟಮಾತ್ರದಿಂದ ಎಣಿಸಿದನಷ್ಟೆ. ಅದನ್ನು ಪರೀಕ್ಷಿಸದೆ ಮುಂದೆ ಹೋಗಲು ಅವನು ಒಪ್ಪನು. ಅಲ್ಲಿ ಅವನಿಗೆ ಅಕ್ಷಹೃದಯವು ದೊರೆಯುವುದು; ಅಲ್ಲಿಯೇ ಕಲಿಯು ಅವನ ಮೈಯನ್ನು ಬಿಟ್ಟು ಹೊರಡುವನು. ಎಂದರೆ, ನಳನ ಬಾಳಿನ ತಿರುವು ರಥವು ಓಡುವಾಗ ಆದುದಲ್ಲ, ನಿಂತಾಗ ಆದುದು. ಯಾವ ಅಜ್ಞಾನದಿಂದ ಕೆಟ್ಟಿದ್ದನೋ ಅದು ತೀರಿದ ಮೇಲೆಯೇ ಅವನ ವೇಗಕ್ಕೆ ಫಲ ಬಂದಿತು.

ಈ ಅಳತೆಯನ್ನು ಕರಾವಳಿಯ ಕಂಬಳಕ್ಕೆ ಹಿಡಿದು ನೋಡಬಹುದು. ಅಲ್ಲಿಯೂ ಮನುಷ್ಯನ ಓಟವು ಪಶುಗಳ ಓಟದೊಡನೆ ಕೂಡಿರುವುದು. ಅಲ್ಲಿಯೂ ಬಲವಂತದ ವಿರಾಮವು ಬಂದಿತ್ತು. ಜಲ್ಲಿಕಟ್ಟು ಮತ್ತು ಎತ್ತಿನ ಗಾಡಿಯ ಓಟಗಳ ವಿರುದ್ಧ ಸರ್ವೋಚ್ಚ ನ್ಯಾಯಾಲಯವು 2014ರ ಮೇ 7ರಂದು ಕೊಟ್ಟ ತೀರ್ಪಿನ ಛಾಯೆಯು ಕಂಬಳದ ಮೇಲೂ ಬಿದ್ದಿತು. 2016ರ ನವೆಂಬರಿನಲ್ಲಿ ರಾಜ್ಯದ ಉಚ್ಚ ನ್ಯಾಯಾಲಯದ ಮಧ್ಯಂತರ ಆಜ್ಞೆಯಿಂದ ಓಟವು ನಿಂತಿತು. 2017ರ ಜುಲೈ ತಿಂಗಳ ಸುಗ್ರೀವಾಜ್ಞೆಯೂ ಅನಂತರದ ತಿದ್ದುಪಡಿ ಶಾಸನವೂ ದಾರಿಯನ್ನು ತೆರೆದುವು. 2023ರ ಮೇ 18ರಂದು ಐವರು ನ್ಯಾಯಾಧೀಶರ ಪೀಠವು ಆ ಶಾಸನವನ್ನು ಎತ್ತಿಹಿಡಿಯಿತು.

ಓಟವು ಮರಳಿತು, ಆದರೆ ಅದನ್ನು ಹೇಳುವವರ ದೃಷ್ಟಿಯು ಬದಲಾಯಿತೇ? 2020ರ ಫೆಬ್ರುವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರುಗಳನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದನ್ನು ಭಾಗಿಸಿ, ನೂರು ಮೀಟರಿಗೆ 9.55 ಸೆಕೆಂಡೆಂದು ಲೆಕ್ಕ ಹಾಕಿ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಸ್ಥಾಪಿಸಿದ 9.58ನ್ನು ಮೀರಿತೆಂದು ಪತ್ರಿಕೆಗಳು ಸಾರಿದುವು. ಕೋಣಗಳ ಸೆಳೆತದೊಡನೆ ಕೆಸರಿನಲ್ಲಿ ಓಡುವುದಕ್ಕೂ ಒಬ್ಬನೇ ಗಟ್ಟಿನೆಲದಲ್ಲಿ ಓಡುವುದಕ್ಕೂ ಇಂಥ ಹೋಲಿಕೆ ಸಲ್ಲದು. ಗೌಡರು ಕೀರ್ತಿಯನ್ನು ಕೋಣಗಳಿಗೆ ಸಲ್ಲಿಸಿ, ಕ್ರೀಡಾ ಪ್ರಾಧಿಕಾರದ ಪರೀಕ್ಷಾ ಓಟಕ್ಕೆ ಒಪ್ಪದೆ ಉಳಿದರು. ಬರೆದವರಲ್ಲಿ ಕಾಣದ ವಿವೇಚನೆಯು ಓಡಿದವನಲ್ಲಿ ಇದ್ದಿತು. ಕಂಬಳಕ್ಕಾದರೂ ವೇಗವೊಂದೇ ಅಳತೆಯಲ್ಲ. ಕನೆಹಲಗೆಯ ಸ್ಪರ್ಧೆಯಲ್ಲಿ ನೋಡುವುದು ನೀರು ಎಷ್ಟು ಎತ್ತರಕ್ಕೆ ಚಿಮ್ಮಿ ನಿಶಾನೆಯನ್ನು ಮುಟ್ಟಿತೆಂಬುದನ್ನು.

ಕಾವ್ಯದ ಕುದುರೆಗೆ ಹೇಳಿದ ನೀತಿಯನ್ನು ಕೆಸರಿನ ಕೋಣಕ್ಕೆ ಹಚ್ಚುವುದು ಅತಿಯೆಂದು ಕೆಲವರು ಹೇಳಬಹುದು. ಆದರೆ ಓಟಕ್ಕೆ ತಡೆಯು ಬಂದುದು ವೇಗವು ಸಾಲದೆಂದಲ್ಲ, ಹಿಂಸೆಯ ಆಕ್ಷೇಪದಿಂದ. ಆದುದರಿಂದ ಮರಳಿ ಬಂದ ಓಟದ ಪರೀಕ್ಷೆಯೂ ಅಲ್ಲಿಯೇ ನಡೆಯತಕ್ಕುದು. ಅದನ್ನು ಬಿಟ್ಟು ಸೆಕೆಂಡುಗಳನ್ನು ಎಣಿಸುವ ಪ್ರಶಂಸೆಯು, ನಳನ ಕಥೆಯಲ್ಲಿ ಉತ್ತರೀಯವು ಹಿಂದೆ ಬಿದ್ದುದನ್ನು ಮಾತ್ರ ನೆನಪಿಟ್ಟು, ಕಲಿಯು ಬಿಟ್ಟುಹೋದುದನ್ನು ಮರೆತಂತೆ.

ಮದ್ದೂರು, ಗುಂಡ್ಲುಪೇಟೆಗಳ ಕಡೆಯವರಿಗೆ ಕಂಬಳವು ದೂರದ ಆಟ. ಆದರೂ ಅದೇ ಶಾಸನವು ಎತ್ತಿನ ಗಾಡಿಯ ಓಟವನ್ನೂ ಒಳಗೊಂಡಿರುವುದರಿಂದ ಪ್ರಶ್ನೆಯು ಈ ಸೀಮೆಯ ಕೊಟ್ಟಿಗೆಗಳಿಗೂ ಬಂದಿರುವುದು. ನೊಗ ಹೂಡಿದ ಎತ್ತು ಮುಗ್ಗರಿಸಿದಾಗ ಗಾಡಿಯವನ ಕೈ ಬಾರುಕೋಲಿಗೆ ಹೋಗುವುದೋ, ಎತ್ತಿನ ಬೆನ್ನು ಸವರುವುದೋ ಎಂಬುದನ್ನು ನೋಡಿ, ವಿರಾಮವು ಸಾರ್ಥಕವಾಯಿತೇ ಎಂಬುದನ್ನು ನಿರ್ಣಯಿಸಬೇಕು.