ಬ್ಯಾಕ್ಟೀರಿಯಾ ಸೆಲ್ಯುಲೋಸ್: ಸ್ಫಟಿಕತೆಗೆ ಒಂದೇ ಅಂಕಿ ಸಾಕೆ?

ಸೆಲ್ಯುಲೋಸ್ ಎಂದೊಡನೆ ಹತ್ತಿ, ಮರ ನೆನಪಾಗುತ್ತವೆ. ಕೆಲವು ಬ್ಯಾಕ್ಟೀರಿಯಾಗಳೂ ಅದನ್ನು ತಯಾರಿಸುತ್ತವೆ ಎಂಬುದನ್ನು 1886ರಲ್ಲಿ ಎ.ಜೆ. ಬ್ರೌನ್ ತೋರಿಸಿದರು. ಇಂದು ಕೊಮಗಟೈಬ್ಯಾಕ್ಟರ್ ಎಂದು ಕರೆಯಲಾಗುವ ಈ ಜೀವಿಯನ್ನು ಗ್ಲುಕೋಸ್, ಪೆಪ್ಟೋನ್, ಯೀಸ್ಟ್ ಸಾರವಿರುವ ದ್ರಾವಣದಲ್ಲಿ, ಸುಮಾರು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಲುಗಾಡಿಸದೆ ಇಡಬೇಕು. ಕೆಲವು ದಿನಗಳಲ್ಲಿ ಹಾಲಿನ ಮೇಲೆ ಕೆನೆ ಕಟ್ಟುವಂತೆ ದ್ರಾವಣದ ಮೇಲ್ಮೈಯಲ್ಲಿ ಪದರವೊಂದು ಕಟ್ಟುತ್ತದೆ. ಅದರ ತೂಕದಲ್ಲಿ ಸುಮಾರು ಶೇ. 99 ನೀರು. ಕ್ಷಾರದಲ್ಲಿ ತೊಳೆದು ಒಣಗಿಸಿದರೆ ಲಿಗ್ನಿನ್ ಇಲ್ಲದ ಶುದ್ಧ ಸೆಲ್ಯುಲೋಸ್ ದೊರೆಯುತ್ತದೆ. ತಯಾರಿಕೆ ಸರಳ, ಕಾಲೇಜು ಪ್ರಯೋಗಾಲಯಕ್ಕೂ ಎಟುಕುವಂಥದ್ದು.

ತೊಡಕು ಇರುವುದು ಅನಂತರದ ಅಳತೆಯಲ್ಲಿ. ಅನೇಕ ಪ್ರಬಂಧಗಳು ಸ್ಫಟಿಕತೆಯನ್ನು ಸೆಗಾಲ್ ಮತ್ತು ಸಂಗಡಿಗರ 1959ರ ವಿಧಾನದಿಂದ ಲೆಕ್ಕ ಹಾಕುತ್ತವೆ. ಕ್ಷ-ಕಿರಣ ವಿವರ್ತನೆಯ ನಕ್ಷೆಯಲ್ಲಿ 22.7 ಡಿಗ್ರಿ ಸಮೀಪದ ಶೃಂಗದ ಎತ್ತರದಿಂದ 18 ಡಿಗ್ರಿ ಬಳಿಯ ತಗ್ಗಿನ ಎತ್ತರವನ್ನು ಕಳೆದು, ಬಂದದ್ದನ್ನು ಶೃಂಗದ ಎತ್ತರದಿಂದ ಭಾಗಿಸಿದರಾಯಿತು, ಶೇಕಡಾವಾರು ಸಿದ್ಧ!

ಇಲ್ಲಿ ಭೌತವಿಜ್ಞಾನದ ಎರಡು ಆಕ್ಷೇಪಗಳಿವೆ. ಮೊದಲನೆಯದಾಗಿ, ಸ್ಫಟಿಕ ಕಿರಿದಾದಷ್ಟೂ ಶೃಂಗ ಅಗಲವಾಗುತ್ತದೆ ಎಂಬುದನ್ನು ಶೆರರ್ ಸೂತ್ರದಿಂದ ನೀವು ಬಲ್ಲಿರಿ. ನೆರೆಯ ಶೃಂಗಗಳು ಹೀಗೆ ಹರಡಿ ಒಂದರ ಮೇಲೊಂದು ಬಿದ್ದಾಗ 18 ಡಿಗ್ರಿಯ ತಗ್ಗು ತುಂಬಿಕೊಳ್ಳುತ್ತದೆ. ಅದೆಲ್ಲವೂ ಅಸ್ಫಟಿಕ ಭಾಗದ ಕೊಡುಗೆಯಲ್ಲ. ಎರಡನೆಯದಾಗಿ, ಪದರ ಒಣಗುವಾಗ ಅದರ ಎಳೆಗಳು ಮೇಲ್ಮೈಗೆ ಸಮಾಂತರವಾಗಿ ಮಲಗುತ್ತವೆ. ಆ ಪದರವನ್ನು ಹಾಗೆಯೇ ಉಪಕರಣದಲ್ಲಿಟ್ಟರೆ 14.5 ಡಿಗ್ರಿಯ ಶೃಂಗ ಉಬ್ಬಿ, 16.8 ಡಿಗ್ರಿಯದು ಕುಗ್ಗುತ್ತದೆ. ಇದು ಜೋಡಣೆಯ ಪರಿಣಾಮವೇ ಹೊರತು ಸ್ಫಟಿಕದ ಪ್ರಮಾಣವಲ್ಲ.

ವ್ಯತ್ಯಾಸ ಸಣ್ಣದೇನಲ್ಲ. 2010ರಲ್ಲಿ ಪಾರ್ಕ್ ಮತ್ತು ಸಹೋದ್ಯೋಗಿಗಳು ಸಸ್ಯಮೂಲದ ಒಂದೇ ಸೂಕ್ಷ್ಮಸ್ಫಟಿಕ ಸೆಲ್ಯುಲೋಸನ್ನು ಹಲವು ವಿಧಾನಗಳಿಂದ ಪರೀಕ್ಷಿಸಿದರು. ಶೃಂಗದ ಎತ್ತರದ ವಿಧಾನ ಸುಮಾರು ಶೇ. 92 ಎಂದರೆ, ಶೃಂಗಗಳನ್ನು ಬಿಡಿಸಿ ವಿಸ್ತೀರ್ಣ ಅಳೆಯುವ ವಿಧಾನ ಸುಮಾರು ಶೇ. 61 ಎಂದಿತು. ಹೀಗಿರುವಾಗ ಒಬ್ಬರ 90ನ್ನು ಇನ್ನೊಬ್ಬರ 60ರೊಂದಿಗೆ ಹೋಲಿಸಿ, ಹೊಸ ಪೋಷಕ ದ್ರಾವಣವೇ ಉತ್ತಮವೆಂದು ತೀರ್ಮಾನಿಸುವುದು ಎಷ್ಟು ಸರಿ?

ತಪ್ಪನ್ನು ಸೆಗಾಲ್ ಅವರ ಮೇಲೆ ಹೊರಿಸಬೇಕಾಗಿಲ್ಲ. ತಮ್ಮದು ಅನುಭವಾಧಾರಿತ ವಿಧಾನವೆಂದು ಅವರು ಪ್ರಬಂಧದ ಶೀರ್ಷಿಕೆಯಲ್ಲೇ ಹೇಳಿದ್ದರು. ಒಂದೇ ರೀತಿ ಸಿದ್ಧಪಡಿಸಿದ ಮಾದರಿಗಳಲ್ಲಿ ಹೆಚ್ಚು-ಕಡಿಮೆ ತಿಳಿಯಲು ಅದು ಈಗಲೂ ಉಪಯುಕ್ತ. ಅದನ್ನು ನಿರಪೇಕ್ಷ ಅಳತೆಯೆಂದು ಭಾವಿಸಿದವರು ನಾವು.

ವಿದ್ಯಾರ್ಥಿಗಳೇ, ನಿಮ್ಮ ವರದಿಯಲ್ಲಿ ಅಂಕಿಯ ಜೊತೆಗೆ ವಿಧಾನ, ಒಣಗಿಸಿದ ಬಗೆ, ಮಾದರಿ ಪದರವೋ ಪುಡಿಯೋ ಎಂಬುದನ್ನು ಬರೆಯಿರಿ. ವಿವರ್ತನೆಯ ನಕ್ಷೆಯನ್ನೂ ಲಗತ್ತಿಸಿ. ಅಧ್ಯಾಪಕರೇ, ಮೌಖಿಕ ಪರೀಕ್ಷೆಯಲ್ಲಿ "ಎಷ್ಟು ಬಂತು?" ಎನ್ನುವ ಮೊದಲು "ಹೇಗೆ ಬಂತು?" ಎಂದು ಕೇಳೋಣ.