ಮೊದಲು ಅನ್ನ, ಆಮೇಲೆ ಮೀನು

ಪುಣೆಯ ಖಡಕಿಯಲ್ಲಿರುವ ಲಕ್ಷ್ಮಣರಾವ್ ಕಿರ್ಲೋಸ್ಕರ್ ರಸ್ತೆಗೂ ಜಪಾನಿನ ಸುಶಿಗೂ ನಂಟಿದೆ ಎಂದರೆ ಯಾರೂ ಸುಲಭಕ್ಕೆ ನಂಬಲಿಕ್ಕಿಲ್ಲ. ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾಯರ ಮನೆತನ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುಮಾಡಿತು, ಖಡಕಿಯಲ್ಲಿ ಬೇರೂರಿತು. ಅದೇ ಮನೆತನದ ಇನ್ನೊಂದು ಕವಲು 1997ರಲ್ಲಿ ಟೊಯೋಟಾ ಜೊತೆ ಸೇರಿ ಬೆಂಗಳೂರಿನ ಬಳಿಯ ಬಿಡದಿಯಲ್ಲಿ ಕಾರು ಕಾರ್ಖಾನೆಗೆ ಕೈಹಾಕಿತು. ಜಪಾನಿ ಎಂಜಿನಿಯರರು ಬಂದ ಊರಿಗೆ ಅವರ ಅಡುಗೆಯೂ ಬರುತ್ತದೆ. ಬೆಂಗಳೂರಿನ ರೆಸಿಡೆನ್ಸಿ ರಸ್ತೆಯ ಹರಿಮಾದಂಥ ಹೋಟೆಲುಗಳಿಗೆ ಅವರೇ ನೆಚ್ಚಿನ ಗಿರಾಕಿಗಳು. ಪುಣೆಯ ಸುತ್ತಲೂ ಚಾಕಣ, ತಳೇಗಾಂವ, ರಾಂಜಣಗಾಂವದಲ್ಲಿ ಜಪಾನಿ ಕಂಪನಿಗಳಿವೆ. ಹಾಗಾಗಿ ಖಡಕಿಯವರು ಹೋಳ್ಕರ್ ಸೇತುವೆ ದಾಟಿ ಯರವಡಾ ಕಡೆ ಹೊರಟರೆ ಸುಶಿಗೆ ಬಹಳ ದೂರ ಅಲೆಯಬೇಕಿಲ್ಲ.

ದೊಡ್ಡ ಹೋಟೆಲಿನ ಥಳಕಿಗಿಂತ ನನಗೆ ಇಷ್ಟ ಪುಟ್ಟ ಜಾಗ. ಮರದ ಕಟ್ಟೆ, ಅದರ ಮುಂದೆ ಎಂಟೋ ಹತ್ತೋ ಕುರ್ಚಿ, ಆಚೆ ಬದಿಗೆ ಚಾಕು ಹಿಡಿದು ನಿಂತ ಬಾಣಸಿಗ. ಹೆಸರಾಂತ ಸುಶಿ ಬಾಣಸಿಗ ಜಿರೋ ಒನೊ ಅವರ ಟೋಕಿಯೊ ಅಂಗಡಿಯಲ್ಲೂ ಇರುವುದು ಹತ್ತೇ ಆಸನ. ಇದು ಬರೀ ಅಂದಚೆಂದದ ಮಾತಲ್ಲ. ಸುಶಿ ಕೈಯಿಂದ ಬಾಯಿಗೆ ಕೂಡಲೇ ಹೋಗಬೇಕಾದ ತಿನಿಸು. ಹತ್ತು ನಿಮಿಷ ಮೇಜಿನ ಮೇಲೆ ಕೂತರೆ ಸತ್ವ ಹೋಯಿತು.

ನಮ್ಮವರು ಸುಶಿ ಎಂದೊಡನೆ ಹಸಿ ಮೀನಿನ ಚಿಂತೆಗೆ ಬೀಳುತ್ತಾರೆ. ನೋಡಬೇಕಾದದ್ದು ಅನ್ನವನ್ನು. ಗಿಡ್ಡ ಕಾಳಿನ ಅಕ್ಕಿ ಬೇಯಿಸಿ, ಅಗಲವಾದ ಮರದ ತೊಟ್ಟಿಗೆ ಸುರಿದು, ಅಕ್ಕಿಯ ವಿನೆಗರ್, ಉಪ್ಪು, ಸಕ್ಕರೆ ಬೆರೆಸುತ್ತಾರೆ. ಚಿತ್ರಾನ್ನಕ್ಕೆ ಅನ್ನ ಹರವಿ ಆರಿಸುವ ಹಾಗೆ, ಕಾಳು ಮುರಿಯದಂತೆ ಮಗುಚುತ್ತಾ ಬೀಸಣಿಗೆಯಿಂದ ಗಾಳಿ ಹಾಕುತ್ತಾರೆ. ತಿನ್ನುವ ಹೊತ್ತಿಗೆ ಅದು ಮೈಯಷ್ಟೇ ಬೆಚ್ಚಗಿರಬೇಕು. ಬೆರಳಲ್ಲಿ ಎತ್ತಿದಾಗ ಉದುರಬಾರದು, ನಾಲಿಗೆಯ ಮೇಲೆ ತಾನಾಗಿ ಬಿಡಿಬಿಡಿಯಾಗಬೇಕು. ಮೂರು ಹೊತ್ತೂ ಅನ್ನ ಉಂಡು ಬೆಳೆದ ನಾಲಿಗೆಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಮೀನಿನ ಮಾತು. ಬಿವಾ ಸರೋವರದ ಬದಿಯಲ್ಲಿ ಇವತ್ತಿಗೂ ಮೀನನ್ನು ಉಪ್ಪು ಹಾಕಿ, ಅನ್ನದಲ್ಲಿ ಹುದುಗಿಸಿ, ತಿಂಗಳುಗಟ್ಟಲೆ ಹುಳಿ ಬರಿಸುತ್ತಾರೆ. ಅದು ಹಳೆಯ ಸುಶಿ. ಇಂದು ನಾವು ಕಾಣುವ, ಕೈಯಲ್ಲಿ ಒತ್ತಿದ ನಿಗಿರಿ ಹತ್ತೊಂಬತ್ತನೆಯ ಶತಮಾನದ ಆರಂಭದ ಎದೊ ನಗರದ, ಅಂದರೆ ಈಗಿನ ಟೋಕಿಯೊದ, ಬೀದಿ ತಿಂಡಿ. ಹನಾಯಾ ಯೊಹೇ ಎಂಬಾತ ಅದಕ್ಕೆ ಹೆಸರು ತಂದ. ಆಗ ಫ್ರಿಜ್ ಎಲ್ಲಿತ್ತು? ಮೀನನ್ನು ಸೋಯಾ ಸಾಸಿನಲ್ಲಿ ನೆನೆಸುತ್ತಿದ್ದರು, ವಿನೆಗರಿನಲ್ಲಿ ಮಾಗಿಸುತ್ತಿದ್ದರು, ಇಲ್ಲವೇ ಬೇಯಿಸುತ್ತಿದ್ದರು. ಕಡಲಿಲ್ಲದ ಪುಣೆಯಲ್ಲಿ ನಾನು ಹುಡುಕುವುದು ಈ ಕಸುಬನ್ನೇ. ಉಪ್ಪು, ವಿನೆಗರ್ ಹಿಡಿಸಿದ ಬಂಗುಡೆ ಜಾತಿಯ ಸಾಬಾ ಚೆನ್ನಾಗಿದ್ದರೆ ಆ ಬಾಣಸಿಗನ ಕೈ ನಂಬಬಹುದು. ಎಲ್ಲರೂ ಮೊದಲು ಬಯಸುವ ಹಸಿ ಸಾಲ್ಮನ್ ಹಳೆಯ ಪದ್ಧತಿಯದೇ ಅಲ್ಲ. 1980ರ ದಶಕದಲ್ಲಿ ನಾರ್ವೆಯವರು ಜಪಾನಿಗೆ ಮಾರಲು ಹೊರಟ ಮೇಲೆ ಚಾಲ್ತಿಗೆ ಬಂದದ್ದು.

ಹಸಿ ಮೀನೇ ಬೇಕೆಂದರೆ, ಅದನ್ನು ಮೊದಲು ಹೆಪ್ಪುಗಟ್ಟಿಸಿದ್ದಾರೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಮೀನಿನೊಳಗಿನ ಪರೋಪಜೀವಿಗಳು ಸಾಯಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಬೇಕು. ಒಳ್ಳೆಯ ಬಾಣಸಿಗ ಈ ಪ್ರಶ್ನೆಗೆ ಮುಖ ಗಂಟಿಕ್ಕುವುದಿಲ್ಲ.

ಸಸ್ಯಾಹಾರಿಗಳು ಹಿಂದೆ ಸರಿಯಬೇಕಿಲ್ಲ. ಸೌತೆಕಾಯಿಯ ಕಪ್ಪಾ ಮಾಕಿ ಇದೆ, ಕರಿದ ತೋಫು ಚೀಲದೊಳಗೆ ಅನ್ನ ತುಂಬಿದ ಇನಾರಿ ಇದೆ. ಎಲ್ಲಕ್ಕಿಂತ ನನಗೆ ಪ್ರಿಯವಾದದ್ದು ಕಾಂಪ್ಯೊ: ಸೋರೆಕಾಯಿಯನ್ನು ಉದ್ದುದ್ದ ಪಟ್ಟಿಯಾಗಿ ಹೆರೆದು, ಒಣಗಿಸಿ, ಸೋಯಾ, ಸಕ್ಕರೆಯಲ್ಲಿ ಕುದಿಸಿ ಸುತ್ತಿದ ಸುರುಳಿ. ಆದರೆ ಎಚ್ಚರ, ಕುದಿಸುವ ನೀರಿಗೂ ಮಿಸೊ ಸೂಪಿಗೂ ಒಣಮೀನಿನ ಸಾರು ಬಿದ್ದಿರುತ್ತದೆ. ಹಿಂದಿನ ದಿನವೇ ಫೋನು ಮಾಡಿ, ಕೊಂಬು ಎಂಬ ಕಡಲಪಾಚಿಯ ಸಾರಿನಲ್ಲಿ ಮಾಡಿಕೊಡಿ ಎಂದು ಹೇಳಿ.

ಕಟ್ಟೆಯ ಮುಂದೆಯೇ ಕೂರಿ. ಕೈಯಲ್ಲೇ ತಿನ್ನಿ, ಅದು ತಪ್ಪಲ್ಲ. ಸೋಯಾ ಸಾಸಿಗೆ ಮೀನಿನ ಬದಿ ಅದ್ದಿ, ಅನ್ನವನ್ನಲ್ಲ. ಮೊದಲ ತುತ್ತಿನಲ್ಲೇ ಅನ್ನ ಫ್ರಿಜ್ಜಿನಿಂದ ತೆಗೆದ ಹಾಗೆ ತಣ್ಣಗಿದ್ದರೆ, ಎರಡನೆಯ ತಟ್ಟೆ ತರಿಸಬೇಡಿ.